ಕಾಕಾನ ಚಳಿಜ್ವರ

ಹೋದ ವರ್ಷ ದಸರೆಗೆ ಇನ್ನೂ ಹತ್ತು ದಿನ ಇತ್ತು. ಆಫೀಸಿನಲ್ಲಿ ರಿಲೀಸ್ ಗಡಿಬಿಡಿ. ಅಷ್ಟರಲ್ಲಿ ಊರಿಂದ ತಮ್ಮನ ಫೋನು ಬಂತು.

"ಅಣ್ಣಾ, ಕಾಕಾಗ ಈ ತಿಂಗಳ ಸೂಜಿ ಹಾಕಸೋದು ಬ್ಯಾಡ ಅಂತ ಮಾಡೀನಿ."

"ಯಾಕಲೇ?"

"ಅದು ಹುಚ್ಚಲ್ಲಂತ. ಮಿದುಳಿನಾಗ ಬಾವು ಬಂದಿರ್ತದಂತ. ಮೊಣಕಾಲು ಬ್ಯಾನಿಗಿ ಗುಳಿಗಿ ಕೊಡ್ತಾರಲ್ಲ, ಅದನ್ನೇ ಕೊಟ್ರ ಇಳೀತದಂತ. ವಿಡಿಯೋದಾಗ ಡಾಕ್ಟರೇ ಹೇಳ್ಯಾರ. ಕಳಸೀನಿ, ನೋಡು."

ನೋಡಿದೆ. ಪೂರ್ತಿ ಸುಳ್ಳಾಗಿದ್ದರೆ ತಮ್ಮನಿಗೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ತೊಂದರೆ ಏನಂದ್ರೆ ಅದರಲ್ಲಿ ಅರ್ಧ ನಿಜ ಇತ್ತು. ಸ್ಕಿಜೋಫ್ರೇನಿಯಾಕ್ಕೂ ದೇಹದ ಉರಿಯೂತಕ್ಕೂ ಏನೋ ನಂಟಿದೆ ಅನ್ನೋ ಅನುಮಾನ ನೂರು ವರ್ಷಕ್ಕಿಂತ ಹಳೆಯದು. ಮೊಣಕಾಲು ನೋವಿನ ಗುಳಿಗೆಯನ್ನು ಈ ರೋಗಿಗಳಿಗೆ ನಿಜಕ್ಕೂ ಕೊಟ್ಟು ನೋಡಿದ್ದಾರೆ. ಅರ್ಧ ನಿಜಕ್ಕೆ ಉತ್ತರ ಕೊಡಬೇಕಂದ್ರೆ ಉಳಿದರ್ಧ ಗೊತ್ತಿರಬೇಕು. "ನಾ ಬರೋ ತನಕ ಏನೂ ಮಾಡಬ್ಯಾಡ" ಅಂತ ತಮ್ಮನಿಗೆ ಹೇಳಿ, ಆ ಹತ್ತು ದಿನ ರಾತ್ರಿ ಕೂತು ಓದಿದೆ. ನಾನು ಬಿಇ ಮಾಡಿದವನು, ಡಾಕ್ಟರಲ್ಲ. ಆದರೆ ಹಳೆಯ ಬಗ್ ಒಂದರ ಹಿಂದೆ ಬಿದ್ದು ಲಾಗ್ ಓದೋದು ನನಗೆ ಗೊತ್ತು. ಇದೂ ಹಾಗೇ ಶುರುವಾಯ್ತು.

ಮೊದಲು ಕಾಕಾನ ಕಥೆ ಹೇಳಿಬಿಡ್ತೀನಿ.

ನಮ್ಮೂರು ಶಹಾಪುರದಿಂದ ಸುರಪುರಕ್ಕೆ ಹೋಗೋ ದಾರಿಯಲ್ಲಿ. ಆ ಕಡೆ ಶಹಾಪುರದ ಮಲಗಿದ ಬುದ್ಧನ ಗುಡ್ಡ, ಈ ಕಡೆ ಸುರಪುರದ ಟೇಲರ್ ಮಂಜಿಲ್. ನಮ್ಮ ಭಾಗದ ಇತಿಹಾಸ ಅಂತ ಯಾರಾದರೂ ಬರೆದರೆ ವೆಂಕಟಪ್ಪ ನಾಯಕ, ಮೆಡೋಸ್ ಟೇಲರ್ ಇಬ್ಬರಲ್ಲೇ ಪುಟ ಮುಗಿಯುತ್ತೆ. ಕಾಕಾ ಸುರಪುರದಲ್ಲಿ ಪಿಯುಸಿ ಓದುತ್ತಿದ್ದ, ಓಣಿಯಲ್ಲೇ ಶಾಣ್ಯಾ ಹುಡುಗ. ಎರಡನೇ ವರ್ಷದಲ್ಲಿ ರೇಡಿಯೋದವರು ತನ್ನ ಹೆಸರು ಹಿಡಿದು ಕರೀಲಿಕತ್ತಾರ ಅಂತ ಶುರು ಮಾಡಿದ. ಆಮೇಲೆ ಊಟದಲ್ಲಿ ವಿಷ ಹಾಕ್ತಾರ ಅಂದ. ಆಮೇಲೆ ಮಾತೇ ನಿಂತಿತು.

ಊರವರು ಗಾಳಿ ಬಡಿದಾದ ಅಂದರು. ಗಾಣಗಾಪುರಕ್ಕೆ ಕರೆದುಕೊಂಡು ಹೋದರು, ಗೋಗಿ ದರ್ಗಾಕ್ಕೆ ಹೋದರು, ತಿಂಥಣಿ ಮೌನೇಶ್ವರನಿಗೆ ಹರಕೆ ಹೊತ್ತರು. ಮುತ್ಯಾ ಒಂದು ಎಕರೆ ಹೊಲ ಮಾರಿದ್ದು ಆ ವರ್ಷಗಳಲ್ಲೇ. ಕೊನೆಗೆ ದನದ ಕೊಟ್ಟಿಗೆಯ ಕಂಬ, ಎತ್ತಿನ ಸರಪಳಿ. ನಾನು ಶಾಲೆಯಿಂದ ಬಂದು ಅವನೆದುರು ಕೂತು ರೊಟ್ಟಿ ತಿನ್ನುತ್ತಿದ್ದೆ, ಅರ್ಧ ಅವನಿಗೆ ಕೊಡುತ್ತಿದ್ದೆ. ಸರಪಳಿ ನನಗೆ ಆಗ ವಿಚಿತ್ರ ಅನ್ನಿಸುತ್ತಲೂ ಇರಲಿಲ್ಲ. ಈಗ ನೆನೆದರೆ ಅದೇ ಹೆಚ್ಚು ಹೆದರಿಸುತ್ತೆ.

ನಾರಾಯಣಪುರ ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಜೋಳದ ಹೊಲ ನೆಲ್ಲಿನ ಗದ್ದೆ ಆದವು. ನೆಲ್ಲಿನ ಜೊತೆ ಸೊಳ್ಳೆ, ಸೊಳ್ಳೆ ಜೊತೆ ಚಳಿಜ್ವರ. ಒಂದು ಮಳೆಗಾಲ ಕಾಕಾಗೂ ಬಂತು. ಮೈ ನಡುಗಿ, ಕಾದು, ಬೆವರಿ, ಮತ್ತೆ ನಡುಗಿ. ಉಳಿಯಲ್ಲ ಅಂದುಕೊಂಡಿದ್ದರು. ಜ್ವರ ಇಳಿದ ಬೆಳಿಗ್ಗೆ ನಮ್ಮ ಆಯಿ ಗಂಜಿ ಕುಡಿಸೋಕೆ ಹೋದಾಗ ಅವನು ಅವಳ ಮುಖ ನೋಡಿ, "ಯವ್ವಾ, ನನ್ನ ಯಾಕ ಕಟ್ಟೀರಿ?" ಅಂದನಂತೆ. ಎರಡು ವರ್ಷದ ನಂತರ ಮೊದಲ ಮಾತು. ನಾಲ್ಕು ದಿನ ಚೆನ್ನಾಗಿದ್ದ. ನನ್ನ ಮಗ್ಗಿ ಕೇಳಿದ. ವಾರದೊಳಗೆ ಮತ್ತೆ ಮೊದಲಿನಂಗೆ.

ಆಯಿ ಸಾಯುವ ತನಕ ಒಂದೇ ಮಾತು ಹೇಳುತ್ತಿದ್ದಳು: "ಜ್ವರ ದೆವ್ವಾನ್ನ ಸುಟ್ಟಿತ್ತು. ಜ್ವರ ಹೋತು, ದೆವ್ವ ತಿರುಗಿ ಬಂತು."

ನಾವು ಅದನ್ನು ಮುದುಕಿಯ ಮಾತು ಅಂತ ಬಿಟ್ಟಿದ್ದೆವು. ಆದರೆ ಆಯಿಗಿಂತ ನೂರು ವರ್ಷ ಮೊದಲು ವಿಯೆನ್ನಾದಲ್ಲಿ ಒಬ್ಬ ಡಾಕ್ಟರು ಇದೇ ಮಾತನ್ನು ಬರೆದಿಟ್ಟಿದ್ದ. ಯೂಲಿಯಸ್ ವಾಗ್ನರ್ ಯಾವ್ರೆಗ್ ಅಂತ ಹೆಸರು. ಚರ್ಮದ ಸೋಂಕಿನಿಂದ ಜ್ವರ ಬಂದ ಒಬ್ಬ ಮಾನಸಿಕ ರೋಗಿ ಜ್ವರ ಇಳಿಯುವಾಗ ಬುದ್ಧಿಯೂ ತಿಳಿಯಾಗಿ ಎದ್ದದ್ದನ್ನು ನೋಡಿದ್ದ. 1887ರಲ್ಲಿ ಅದರ ಬಗ್ಗೆ ಲೇಖನ ಬರೆದ. ಮೂವತ್ತು ವರ್ಷ ಆ ಹುಳ ತಲೆಯಲ್ಲೇ ಇತ್ತು. 1917ರಲ್ಲಿ, ಮಹಾಯುದ್ಧ ನಡೆಯುತ್ತಿರುವಾಗ, ಮಲೇರಿಯಾ ಹಿಡಿದ ಸೈನಿಕನೊಬ್ಬನ ರಕ್ತ ತೆಗೆದು ತನ್ನ ರೋಗಿಗಳಿಗೆ ಚುಚ್ಚಿದ. ಮೊದಲ ತಂಡದಲ್ಲಿ 9 ಜನ. ಬೇಕಂತಲೇ ಚಳಿಜ್ವರ ತರಿಸಿ, ಕೆಲವು ಸುತ್ತು ಜ್ವರ ಆದ ಮೇಲೆ ಕ್ವಿನೈನ್ ಕೊಟ್ಟು ನಿಲ್ಲಿಸುವುದು. ಅವರಲ್ಲಿ ಕೆಲವರು ನಿಜಕ್ಕೂ ಸುಧಾರಿಸಿದರು. 1927ರಲ್ಲಿ ಆತನಿಗೆ ನೊಬೆಲ್ ಬಂತು.

ಓದುತ್ತಾ ಇಲ್ಲಿಗೆ ಬಂದಾಗ ನಿಜ ಹೇಳ್ತೀನಿ, ಕಣ್ಣು ತೇವ ಆಯ್ತು. ಆಯಿ ಇದ್ದಿದ್ದರೆ ಹೇಳುತ್ತಿದ್ದೆ.

ಆದರೆ ಮುಂದಿನ ಪುಟದಲ್ಲೇ ಪೆಟ್ಟು. ವಾಗ್ನರ್ ಯಾವ್ರೆಗ್ ಗೆದ್ದದ್ದು ಸ್ಕಿಜೋಫ್ರೇನಿಯಾದಲ್ಲಲ್ಲ. ಅವನ ಆ ರೋಗಿಗಳಿಗೆ ಇದ್ದದ್ದು ಸಿಫಿಲಿಸ್, ಮಿದುಳಿಗೆ ಏರಿದ್ದು. 1913ರಲ್ಲೇ ನೊಗುಚಿ ಮತ್ತು ಮೂರ್ ಅಂಥವರ ಮಿದುಳಿನಲ್ಲಿ ಆ ಸೂಕ್ಷ್ಮಜೀವಿಯನ್ನು ಕಣ್ಣಾರೆ ತೋರಿಸಿದ್ದರು. ಜ್ವರ ಆ ಜೀವಿಯ ಮೇಲೆ ಪರಿಣಾಮ ಮಾಡುತ್ತಿತ್ತು. ಪೆನಿಸಿಲಿನ್ ಬಂದ ಮೇಲೆ ಮಲೇರಿಯಾ ಚಿಕಿತ್ಸೆ ಮೂಲೆಗೆ ಬಿತ್ತು. ಹೊರಗಿನಿಂದ ನೋಡಿದರೆ ಒಂದೇ ಥರದ "ಹುಚ್ಚು", ಒಳಗೆ ಬೇರೆ ಬೇರೆ ರೋಗ. ನಮ್ಮ ಕೆಲಸದಲ್ಲೂ ಹೀಗೇ: ಎರಡು ಸರ್ವರ್ ಒಂದೇ ಎರರ್ ತೋರಿಸುತ್ತವೆ, ಒಂದರಲ್ಲಿ ಡಿಸ್ಕ್ ತುಂಬಿರುತ್ತೆ, ಇನ್ನೊಂದರಲ್ಲಿ ನೆಟ್‌ವರ್ಕ್ ಹೋಗಿರುತ್ತೆ.

ಆ ಗೆಲುವಿನ ಅಮಲಲ್ಲಿ ಏನೇನೋ ಆಯ್ತು. ಅಮೆರಿಕದ ನ್ಯೂಜೆರ್ಸಿಯ ಟ್ರೆಂಟನ್ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ಅಂತ ಮುಖ್ಯಸ್ಥನಿದ್ದ. ಎಲ್ಲಾ ಹುಚ್ಚಿಗೂ ದೇಹದಲ್ಲಿ ಎಲ್ಲೋ ಅಡಗಿದ ಸೋಂಕೇ ಕಾರಣ ಅಂತ ಅವನ ನಂಬಿಕೆ. ರೋಗಿಗಳ ಹಲ್ಲು ಕೀಳಿಸಿದ. ಗುಣ ಆಗದಿದ್ದರೆ ಟಾನ್ಸಿಲ್, ಆಮೇಲೆ ದೊಡ್ಡ ಕರುಳು. ಎಷ್ಟೋ ಜನ ಆಪರೇಷನ್ ಟೇಬಲ್ಲಿಗೆ ಹೋಗಿ ಮರಳಿ ಬರಲಿಲ್ಲ. ಕಾಟನ್ ಕಳ್ಳನಲ್ಲ, ಆ ಕಾಲಕ್ಕೆ ಹೆಸರಾಂತ ಡಾಕ್ಟರು. ತನ್ನ ಮಕ್ಕಳ ಹಲ್ಲನ್ನೂ ಕೀಳಿಸಿದ್ದ ಅಂತಾರೆ. ವಿಡಿಯೋದ ಡಾಕ್ಟರನ್ನು ನೋಡಿದಾಗಲೆಲ್ಲ ನನಗೆ ಈಗ ಕಾಟನ್ ನೆನಪಾಗುತ್ತಾನೆ.

ನಮ್ಮ ಕಡೆ ಆಗ ಏನಿತ್ತು? ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಯಾರಾದರೂ ತಿಕ್ಕಲಾಗಿ ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಸ್ಬೇಕು" ಅಂತಾರೆ. ಬೆಂಗಳೂರಿನವರು "ನಿಮ್ಹಾನ್ಸ್" ಅಂತಾರೆ. ಎರಡೂ ಕಡೆ ಆಸ್ಪತ್ರೆಯ ಬೇರು 19ನೇ ಶತಮಾನದ ನಡುವಿಗೆ ಹೋಗುತ್ತೆ, ಬ್ರಿಟಿಷರ ಹುಚ್ಚಾಸ್ಪತ್ರೆಗಳ ಕಾಲಕ್ಕೆ. ಬೆಂಗಳೂರಿನದು 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಯ್ತು. 1954ರಲ್ಲಿ ಅದರ ಜೊತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯ್ತು, ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್. ಆದರೆ 1956ರ ತನಕ ಬೆಂಗಳೂರು ಮೈಸೂರು ರಾಜ್ಯ, ಧಾರವಾಡ ಮುಂಬೈ, ನಾವು ಹೈದರಾಬಾದು. ಯಾದಗಿರಿ ಸ್ಟೇಷನ್ನಿಂದ ರೈಲು ಇತ್ತು, ಆಸ್ಪತ್ರೆ ಮಾತ್ರ ಎರಡೂ ದಿಕ್ಕಿನಲ್ಲಿ ಬೇರೆಯವರದ್ದು. ಮುತ್ಯಾ ಗಾಣಗಾಪುರಕ್ಕೆ ಹೋದದ್ದರಲ್ಲಿ ಮೂಢನಂಬಿಕೆ ಎಷ್ಟು, ದೂರ ಎಷ್ಟು ಅಂತ ನಾನು ಲೆಕ್ಕ ಹಾಕೋದು ಬಿಟ್ಟಿದ್ದೀನಿ.

ಔಷಧಿಯ ಕಥೆಯಲ್ಲಿ ನಮ್ಮ ದೇಶಕ್ಕೊಂದು ದೊಡ್ಡ ಪಾತ್ರ ಇದೆ, ನನಗೆ ಗೊತ್ತಿರಲಿಲ್ಲ. ಸರ್ಪಗಂಧದ ಬೇರನ್ನು ಬಿಹಾರ, ಬಂಗಾಳದ ಕಡೆ ಹುಚ್ಚಿಗೆ ಕೊಡುವ ರೂಢಿ ಇತ್ತು. 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅದು ಹುಚ್ಚಿಗೂ ರಕ್ತದೊತ್ತಡಕ್ಕೂ ಕೆಲಸ ಮಾಡುತ್ತೆ ಅಂತ ಪ್ರಕಟಿಸಿದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1949ರಲ್ಲಿ ಮುಂಬೈಯ ರುಸ್ತಂ ವಕೀಲ್ ರಕ್ತದೊತ್ತಡದ ಬಗ್ಗೆ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನಿಂದ ರಿಸರ್ಪೀನ್ ತೆಗೆದರು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಅದನ್ನು ಸ್ಕಿಜೋಫ್ರೇನಿಯಾಕ್ಕೆ ಕೊಟ್ಟ ವರದಿ ಬಂತು.

ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಇನ್ನೊಂದು. ಅಲರ್ಜಿಗೆ ಕೊಡುವ ಔಷಧಿಗಳ ವಂಶದಿಂದ ಹುಟ್ಟಿದ ಕ್ಲೋರ್‌ಪ್ರೊಮಝೀನನ್ನು ಆಪರೇಷನ್ನಿಗೆ ಮುಂಚೆ ಕೊಟ್ಟು ನೋಡಿದ ಲಾಬೊರಿ ಅನ್ನೋ ಸರ್ಜನ್, ರೋಗಿಗಳು ಎಚ್ಚರ ಇದ್ದೂ ನಿಶ್ಚಿಂತರಾಗಿರುವುದನ್ನು ಗಮನಿಸಿದ. 1952ರಲ್ಲಿ ಡಿಲೇ ಮತ್ತು ಡೆನಿಕರ್ ಅದನ್ನು ಮಾನಸಿಕ ರೋಗಿಗಳಿಗೆ ಕೊಟ್ಟರು. ಕೂಗಾಡುತ್ತಿದ್ದ ವಾರ್ಡುಗಳು ಶಾಂತವಾದವು. ಹೇಗೆ ಕೆಲಸ ಮಾಡುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೆಲಸ ಮಾಡುತ್ತಿತ್ತು, ಪ್ರೊಡಕ್ಷನ್ನಿಗೆ ಹೋಯ್ತು. ಕಾರಣ ಆಮೇಲೆ ಬಂತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ರಿಸರ್ಪೀನ್ ಕೊಟ್ಟ, ಅವು ಕಿವಿ ಇಳಿಬಿಟ್ಟು ಮಂಕಾದವು. ಎಲ್-ಡೋಪಾ ಕೊಟ್ಟ, ಎದ್ದು ಕೂತವು. ಮಿದುಳಿನ ಡೋಪಮೀನ್ ಸುದ್ದಿ ಶುರುವಾದದ್ದು ಅಲ್ಲಿಂದ. ಕಾಕಾನ ತಿಂಗಳ ಸೂಜಿ, ಫ್ಲುಫೆನಝೀನ್, ಈ ಕ್ಲೋರ್‌ಪ್ರೊಮಝೀನಿನ ಸಂಬಂಧಿಯೇ.

ಈಗ ಕಿಣ್ವಕ್ಕೆ ಬರೋಣ, ವಿಡಿಯೋದಲ್ಲಿ "ಬ್ರೇನ್ ಎಂಜೈಮ್" ಅಂತ ಹತ್ತು ಸಲ ಬಂದದ್ದು.

ಕನ್ನಡದ ಕಿಣ್ವ ಪದ ನನಗೆ ಬಹಳ ಇಷ್ಟ. ಸಂಸ್ಕೃತದಲ್ಲಿ ಕಿಣ್ವ ಅಂದ್ರೆ ಹೆಂಡ ಹುಳಿಸಲು ಹಾಕುವ ಹೆಪ್ಪು. ನಮ್ಮ ಚಾರ್ವಾಕರು ಮನಸ್ಸಿನ ಬಗ್ಗೆ ವಾದ ಮಾಡುವಾಗ ಇದನ್ನೇ ಉದಾಹರಣೆ ಕೊಡುತ್ತಿದ್ದರು: ಕಿಣ್ವ ಬೆರೆತ ಹಿಟ್ಟು, ಬೆಲ್ಲದಲ್ಲಿ ಅಮಲು ಹುಟ್ಟುವ ಹಾಗೆ, ಮಣ್ಣು ನೀರು ಬೆಂಕಿ ಗಾಳಿಯ ಈ ದೇಹದಲ್ಲಿ ಅರಿವು ಹುಟ್ಟುತ್ತೆ, ಬೇರೆ ಆತ್ಮ ಬೇಡ ಅಂತ. ಸ್ಕಿಜೋಫ್ರೇನಿಯಾದ ಕಿಣ್ವ ಹುಡುಕುವವರೆಲ್ಲ ಗೊತ್ತಿಲ್ಲದೆ ಚಾರ್ವಾಕರ ಮೊಮ್ಮಕ್ಕಳೇ.

ಕಿಣ್ವ ಮಾಡೋದಿಷ್ಟೆ: ಒಂದು ವಸ್ತುವನ್ನು ಇನ್ನೊಂದಾಗಿ ಬದಲಿಸೋ ಕೆಲಸವನ್ನು ಬೇಗ ಮುಗಿಸುತ್ತೆ, ತಾನು ಖರ್ಚಾಗಲ್ಲ. ಮಿದುಳಿನ ಒಂದು ಕಿಣ್ವದ ಹೆಸರು ಎಂಎಒ. ಡೋಪಮೀನಿನಂಥ ವಸ್ತುಗಳನ್ನು ಒಡೆದು ಹಾಕೋದು ಅದರ ಕೆಲಸ. 1972ರಲ್ಲಿ ಮರ್ಫಿ ಮತ್ತು ವಯಟ್ ಸ್ಕಿಜೋಫ್ರೇನಿಯಾ ರೋಗಿಗಳ ರಕ್ತದ ಪ್ಲೇಟ್‌ಲೆಟ್‌ಗಳಲ್ಲಿ ಈ ಎಂಎಒ ಕಮ್ಮಿ ಅಂತ ನೇಚರ್ ಪತ್ರಿಕೆಯಲ್ಲಿ ಬರೆದರು. ಸಂಭ್ರಮವೋ ಸಂಭ್ರಮ, ರಕ್ತ ಪರೀಕ್ಷೆಯಲ್ಲೇ ರೋಗ ಸಿಕ್ಕಿತು ಅಂತ. ವರ್ಷಗಳು ಕಳೆದ ಹಾಗೆ ಅದು ಕರಗಿತು. ರೋಗಿಗಳು ತೆಗೆದುಕೊಳ್ಳೋ ಔಷಧಿಯಿಂದಲೂ ಎಂಎಒ ಇಳಿಯುತ್ತೆ, ಬೀಡಿ ಸಿಗರೇಟಿನಿಂದಲೂ ಇಳಿಯುತ್ತೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಹೊಗೆ ಸೇದುವವರು ಬಹಳ ಹೆಚ್ಚು. ಅಳೆದದ್ದು ರೋಗವನ್ನೋ ಬೀಡಿಯನ್ನೋ? ಕಾಕಾ ದಿನಕ್ಕೆ ಎರಡು ಕಟ್ಟು ಸೇದುತ್ತಾನೆ. ಅವನ ರಕ್ತ ಕೊಟ್ಟಿದ್ದರೆ ಮರ್ಫಿ ಸಾಹೇಬರು ಖುಷಿಯಾಗುತ್ತಿದ್ದರು.

ಬೀಡಿಯ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡ್ತೀನಿ, ರೋಗಿ ಮನೆಯಲ್ಲಿರುವವರಿಗೆ ಉಪಯೋಗಕ್ಕೆ ಬರುತ್ತೆ. ಹೊಗೆ ಯಕೃತ್ತಿನ ಒಂದು ಕಿಣ್ವವನ್ನು ಜೋರು ಮಾಡುತ್ತೆ. ಒಲಾಂಝಪೀನ್, ಕ್ಲೋಝಪೀನ್ ಅನ್ನೋ ಗುಳಿಗೆಗಳನ್ನು ಒಡೆಯೋದು ಅದೇ ಕಿಣ್ವ. ಹಾಗಾಗಿ ಸೇದುವವರಿಗೆ ಹೆಚ್ಚು ಡೋಸ್ ಬೇಕಾಗಬಹುದು, ಒಮ್ಮೆಲೇ ಬಿಟ್ಟರೆ ಔಷಧಿ ರಕ್ತದಲ್ಲಿ ಏರಿ ತೊಂದರೆ ಆಗಬಹುದು. ಬೀಡಿ ಬಿಡಿಸುವ ಮುಂಚೆ ಡಾಕ್ಟರಿಗೆ ಹೇಳಿ.

ಇನ್ನು ಉರಿಯೂತದ ಕಿಣ್ವ. ಆಸ್ಪಿರಿನ್ 1899ರಿಂದ ಮಾರುಕಟ್ಟೆಯಲ್ಲಿತ್ತು. ಅದು ಹೇಗೆ ನೋವು ತೆಗೆಯುತ್ತೆ ಅಂತ ಗೊತ್ತಾಗಿದ್ದು 1971ರಲ್ಲಿ, ಇಂಗ್ಲೆಂಡಿನ ಜಾನ್ ವೇನ್‌ನಿಂದ. ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನೋ ವಸ್ತುಗಳು ತಯಾರಾಗಿ ಉರಿ, ಬಾವು, ಜ್ವರ ತರುತ್ತವೆ. ಅವನ್ನು ತಯಾರಿಸೋ ಕಿಣ್ವ ಕಾಕ್ಸ್. ಆಸ್ಪಿರಿನ್ ಅದರ ಕೈ ಕಟ್ಟಿಹಾಕುತ್ತೆ. ತೊಂಬತ್ತರ ದಶಕದ ಶುರುವಿನಲ್ಲಿ ಕಾಕ್ಸ್ ಒಂದಲ್ಲ, ಎರಡು ಇವೆ ಅಂತ ಗೊತ್ತಾಯ್ತು. ಕಾಕ್ಸ್-1 ಹೊಟ್ಟೆಯ ಒಳಪದರ ಕಾಯುತ್ತೆ. ಕಾಕ್ಸ್-2 ಉರಿಯೂತದ ಹೊತ್ತಿಗೆ ಎದ್ದು ನಿಲ್ಲುತ್ತೆ. ಎರಡನೆಯದನ್ನಷ್ಟೇ ತಡೆಯೋ ಸೆಲೆಕಾಕ್ಸಿಬ್ 1998ರ ಕೊನೆಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

ತಮಾಷೆ ಏನಂದ್ರೆ, 1977ರಲ್ಲಿ ಡೇವಿಡ್ ಹೊರೊಬಿನ್ ಅನ್ನೋ ವಿಜ್ಞಾನಿ ಲ್ಯಾನ್ಸೆಟ್ಟಿನಲ್ಲಿ ಉಲ್ಟಾ ವಾದ ಮಂಡಿಸಿದ್ದ: ಸ್ಕಿಜೋಫ್ರೇನಿಯಾ ಅಂದ್ರೆ ಪ್ರೊಸ್ಟಾಗ್ಲಾಂಡಿನ್ ಹೆಚ್ಚಾಗಿದ್ದಲ್ಲ, ಕಮ್ಮಿಯಾಗಿದ್ದು! ಅವನು ಕೊಟ್ಟ ಆಧಾರ: ಈ ರೋಗಿಗಳಿಗೆ ನೋವು ಕಮ್ಮಿ ತಾಗುತ್ತೆ, ಸಂಧಿವಾತ ಅಪರೂಪ, ಮತ್ತು ಜ್ವರ ಬಂದಾಗ ಕೆಲವರು ಸುಧಾರಿಸುತ್ತಾರೆ. ಆಯಿಯ ಸಾಕ್ಷಿ ಅವನ ಪರವಾಗಿತ್ತು. ಒಬ್ಬ ಹೆಚ್ಚು ಅಂತಾನೆ, ಒಬ್ಬ ಕಮ್ಮಿ ಅಂತಾನೆ. ಇಬ್ಬರೂ ಗುಣಮಟ್ಟದ ಪತ್ರಿಕೆಯಲ್ಲೇ ಬರೆದವರು.

2002ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ನಾರ್ಬರ್ಟ್ ಮ್ಯುಲ್ಲರ್ ತಂಡ ಪರೀಕ್ಷೆಗೆ ಇಳಿಯಿತು. 50 ರೋಗಿಗಳು, ಎಲ್ಲರಿಗೂ ರಿಸ್ಪೆರಿಡೋನ್. ಅರ್ಧ ಜನರಿಗೆ ಅದರ ಜೊತೆ ದಿನಕ್ಕೆ 400 ಮಿಲಿಗ್ರಾಂ ಸೆಲೆಕಾಕ್ಸಿಬ್, ಉಳಿದವರಿಗೆ ಖಾಲಿ ಗುಳಿಗೆ. 5 ವಾರದಲ್ಲಿ ಸೆಲೆಕಾಕ್ಸಿಬ್ ಗುಂಪು ಹೆಚ್ಚು ಸುಧಾರಿಸಿತು. ತಮ್ಮ ಕಳಿಸಿದ ವಿಡಿಯೋ ಇಲ್ಲಿಗೆ ನಿಲ್ಲುತ್ತೆ. ಎಲ್ಲರೂ ಮಾಮೂಲಿ ಔಷಧಿಯನ್ನೂ ತಗೊಳ್ತಾ ಇದ್ದರು ಅನ್ನೋದನ್ನು ಅದು ಹೇಳಲ್ಲ. ಯಾರಿಗೂ ಸೂಜಿ ನಿಲ್ಲಿಸಿ ನೋವಿನ ಗುಳಿಗೆ ಕೊಟ್ಟಿರಲಿಲ್ಲ. ಮುಂದೆ ಏನಾಯ್ತು ಅನ್ನೋದೂ ಇಲ್ಲ.

ಮುಂದೆ ಆದದ್ದಿದು. 2005ರಲ್ಲಿ ಅಮೆರಿಕದ ರ‍್ಯಾಪಪೋರ್ಟ್ ತಂಡ ಹಳೆಯ ರೋಗಿಗಳಲ್ಲಿ ಅದನ್ನೇ ಮಾಡಿ ನೋಡಿತು. ಏನೂ ಲಾಭ ಕಾಣಲಿಲ್ಲ. 2010ರಲ್ಲಿ ಮ್ಯುಲ್ಲರ್ ಮತ್ತೆ, ಈ ಸಲ ರೋಗ ಈಗಷ್ಟೇ ಶುರುವಾದ 49 ಜನರಲ್ಲಿ. ಲಾಭ ಕಂಡಿತು. ಅದೇ ವರ್ಷ ನೆದರ್‌ಲೆಂಡ್ಸಿನಲ್ಲಿ ಲಾನ್ ತಂಡ 70 ರೋಗಿಗಳಿಗೆ 3 ತಿಂಗಳು ದಿನಕ್ಕೆ 1000 ಮಿಲಿಗ್ರಾಂ ಆಸ್ಪಿರಿನ್ ಸೇರಿಸಿ ಕೊಟ್ಟಿತು, ಸ್ವಲ್ಪ ಲಾಭ. 2021ರಲ್ಲಿ ವೈಸರ್ ಮತ್ತು ಜೊತೆಗಾರರು ಅದಕ್ಕಿಂತ ದೊಡ್ಡ ಗುಂಪುಗಳಲ್ಲಿ ಆಸ್ಪಿರಿನ್ ಪರೀಕ್ಷಿಸಿದರು, ಲಾಭ ಇಲ್ಲ. ಉರಿಯೂತ ತಗ್ಗಿಸೋ ಗುಣವೂ ಇರುವ ಮಿನೊಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಮೇಲೆ ಸಣ್ಣ ಪರೀಕ್ಷೆಗಳಲ್ಲಿ ಬಹಳ ಆಸೆ ಹುಟ್ಟಿತ್ತು. 2018ರಲ್ಲಿ ಬ್ರಿಟನ್ನಿನಲ್ಲಿ 207 ಜನರಿಗೆ ವರ್ಷವಿಡೀ ಕೊಟ್ಟು ನೋಡಿದರು, ಏನೂ ಇಲ್ಲ. ಸಣ್ಣ ಪರೀಕ್ಷೆ ಗೆದ್ದು ದೊಡ್ಡ ಪರೀಕ್ಷೆ ಸೋಲೋದು. ನನ್ನ ಲ್ಯಾಪ್‌ಟಾಪಿನಲ್ಲಿ ಓಡಿದ ಕೋಡ್ ಹೊರಗೆ ಬಿದ್ದಾಗ ಆಗೋ ಅವಮಾನ ನನಗೆ ಚೆನ್ನಾಗಿ ಗೊತ್ತು. ಈ ಮಧ್ಯೆ 2004ರಲ್ಲಿ ಸೆಲೆಕಾಕ್ಸಿಬ್‌ನ ಸೋದರ ವಯಾಕ್ಸನ್ನು ಹೃದಯಾಘಾತದ ಕಾರಣಕ್ಕೆ ಮಾರುಕಟ್ಟೆಯಿಂದಲೇ ತೆಗೆದರು.

ಹಾಗಾದರೆ ಎಲ್ಲಾ ಬರೀ ಓಳಾ? ಅಲ್ಲ, ಅದೇ ಕಷ್ಟ. ಮಿದುಳಿನ ಒಳಗೆ ಇನ್ನೊಂದು ಕಿಣ್ವದ ಸಾಲು ಇದೆ. ನಾವು ತಿನ್ನೋ ಬ್ಯಾಳಿ, ಹಾಲು, ಮೊಟ್ಟೆಯಲ್ಲಿ ಟ್ರಿಪ್ಟೊಫ್ಯಾನ್ ಇರುತ್ತೆ. ಅದನ್ನು ಐಡಿಒ ಅನ್ನೋ ಕಿಣ್ವ ಒಂದು ದಾರಿಗೆ ಹಚ್ಚುತ್ತೆ, ಆ ದಾರಿಯ ಒಂದು ಕವಲಿನಲ್ಲಿ ಕೈನುರೆನಿಕ್ ಆಮ್ಲ ಸಿಗುತ್ತೆ. ದೇಹದಲ್ಲಿ ಉರಿಯೂತ ಇದ್ದಾಗ ಐಡಿಒ ಚುರುಕಾಗುತ್ತೆ. ಕೈನುರೆನಿಕ್ ಆಮ್ಲ ಮಿದುಳಿನ ಎನ್‌ಎಂಡಿಎ ಅನ್ನೋ ಬಾಗಿಲುಗಳನ್ನು ಮುಚ್ಚುತ್ತೆ. ಅದೇ ಬಾಗಿಲನ್ನು ಕೆಟಮೈನ್ ಮುಚ್ಚಿದಾಗ ಆರೋಗ್ಯವಂತರಿಗೂ ಕೆಲ ಹೊತ್ತು ಭ್ರಮೆ ಬರುತ್ತೆ. 2001ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾದವರು ರೋಗಿಗಳ ಬೆನ್ನುಹುರಿ ದ್ರವದಲ್ಲಿ ಈ ಆಮ್ಲ ಹೆಚ್ಚಿರುವುದನ್ನು ಕಂಡರು. ಅಲ್ಲಿನವರೇ 2005ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ ಓದಿ ನಾನು ಕುರ್ಚಿಯಿಂದ ಎದ್ದೆ. ಕಾಕ್ಸ್-2 ತಡೆಯೋ ಔಷಧಿ ಕೊಟ್ಟರೆ ಮಿದುಳಿನಲ್ಲಿ ಕೈನುರೆನಿಕ್ ಆಮ್ಲ ಇಳಿಯಿತು. ಕಾಕ್ಸ್-1 ಕಡೆಗೂ ಹೊಡೆಯೋ ಔಷಧಿ ಕೊಟ್ಟರೆ ಏರಿತು. ಏರಿಸಿದ್ದರಲ್ಲಿ ಒಂದರ ಹೆಸರು ಡೈಕ್ಲೊಫಿನಾಕ್.

ನಮ್ಮ ಕಡೆ ಯಾವ ಮೆಡಿಕಲ್ ಅಂಗಡಿಗೆ ಹೋಗಿ "ಮೊಣಕಾಲು ಬ್ಯಾನಿ ಗುಳಿಗಿ ಕೊಡ್ರಿ" ಅಂದರೂ ಮೊದಲು ಕೈಗೆ ಬರೋದು ಡೈಕ್ಲೊಫಿನಾಕೇ. ಇಲಿಯ ಮಿದುಳು ಕಾಕಾನ ಮಿದುಳಲ್ಲ, ಗೊತ್ತು. ಆದರೂ.

ನಮ್ಮ ನಿಮ್ಹಾನ್ಸಿನವರೂ ಈ ದಾರಿಯಲ್ಲಿದ್ದಾರೆ. ಗಣೇಶನ್ ವೆಂಕಟಸುಬ್ರಮಣಿಯನ್ ಮತ್ತು ಮೊನೋಜಿತ್ ದೇಬ್‌ನಾಥ್ 2013ರಲ್ಲಿ ಒಂದು ಊಹೆ ಮುಂದಿಟ್ಟರು: ಸೋಂಕು ಬಂತು ಅಂತ ದೇಹಕ್ಕೆ ಮೊದಲು ಕೂಗಿ ಹೇಳುವ ಟೋಲ್ ಥರದ ರಿಸೆಪ್ಟರುಗಳು ಸ್ಕಿಜೋಫ್ರೇನಿಯಾದ ಉರಿಯೂತದ ಕಥೆಯಲ್ಲಿ ಕೇಂದ್ರ ಪಾತ್ರ ವಹಿಸುತ್ತಿರಬಹುದು ಅಂತ. 2016ರಲ್ಲಿ ಅಮೆರಿಕದಲ್ಲಿ ಸುಮಾರು 65,000 ಜನರ ಡಿಎನ್ಎ ನೋಡಿದ ತಂಡಕ್ಕೆ ಸಿಕ್ಕ ಸುಳಿವು ಕೂಡ ರೋಗನಿರೋಧಕ ವ್ಯವಸ್ಥೆಯದ್ದೇ, ಸಿ4 ಅನ್ನೋ ವಂಶವಾಹಿ. ಹದಿಹರೆಯದಲ್ಲಿ ಮಿದುಳು ತನಗೆ ಬೇಡದ ನರಗಳ ಜೋಡಣೆಗಳನ್ನು ಕತ್ತರಿಸುತ್ತೆ. ಸಿ4 ಹೆಚ್ಚಿದ್ದರೆ ಕತ್ತರಿ ಅತಿಯಾಗಿ ಓಡುತ್ತಿರಬಹುದು. ಕಾಕಾ ಪಿಯುಸಿಯಲ್ಲಿ ಇದ್ದಾಗ ರೇಡಿಯೋ ಅವನ ಹೆಸರು ಕರೆದದ್ದು ನೆನಪಿದೆಯಲ್ಲ. ಸರಿಯಾಗಿ ಅದೇ ವಯಸ್ಸು. ಅಂದರೆ ಉರಿಯೂತ ನಿಜವಾಗಿದ್ದರೂ, ಅದು ಬಂದು ಕೆಲಸ ಮುಗಿಸಿ ಹೋಗಿ ಮೂವತ್ತು ವರ್ಷ ಆಗಿರಬಹುದು. ಸುಟ್ಟ ಬಣಿವೆಗೆ ಈಗ ನೀರು ಹಾಕಿದಂಗೆ. ಹೊಸ ರೋಗಿಗಳಲ್ಲಿ ಮ್ಯುಲ್ಲರ್ ಗೆದ್ದು, ಹಳಬರಲ್ಲಿ ರ‍್ಯಾಪಪೋರ್ಟ್ ಸೋತದ್ದಕ್ಕೆ ಇದೇ ಕಾರಣ ಇರಬಹುದು ಅನ್ನೋದು ಕೆಲವರ ವಾದ. ನನಗೂ ಹಾಗೇ ಅನ್ನಿಸುತ್ತೆ.

ಕಾಕಾನ ಸರಪಳಿ ಬಿಚ್ಚಿದ್ದು ಮ್ಯೂನಿಕ್ಕಿನ ಗುಳಿಗೆಯೂ ಅಲ್ಲ, ಮಲೇರಿಯಾವೂ ಅಲ್ಲ. ಅದರ ಇತಿಹಾಸ ಯಾವ ನೊಬೆಲ್ ಪಟ್ಟಿಯಲ್ಲೂ ಇಲ್ಲ. ಎಪ್ಪತ್ತರ ದಶಕದಲ್ಲಿ ನಿಮ್ಹಾನ್ಸಿನವರು ಬೆಂಗಳೂರಿನ ಹತ್ತಿರ ಸಕಲವಾರದಲ್ಲಿ ಹಳ್ಳಿಗರಿಗೆ ಮಾನಸಿಕ ಚಿಕಿತ್ಸೆ ಮುಟ್ಟಿಸೋದು ಹೇಗೆ ಅಂತ ಪ್ರಯೋಗ ಶುರು ಮಾಡಿದರು. ಮನೋವೈದ್ಯರು ಸಾಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ನರ್ಸ್, ಆರೋಗ್ಯ ಕಾರ್ಯಕರ್ತರಿಗೇ ಕಲಿಸೋಣ, ಔಷಧಿ ಅಲ್ಲೇ ಇಡೋಣ. ಎಂಬತ್ತರ ದಶಕದಲ್ಲಿ ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ನೋಡಿದರು. ಆ ಜಿಲ್ಲೆ ಬಳ್ಳಾರಿ. 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಾಗ ಅದಕ್ಕೆ ಅಚ್ಚು ಇದೇ "ಬಳ್ಳಾರಿ ಮಾದರಿ". ಕಲ್ಯಾಣ ಕರ್ನಾಟಕದ ಹೆಸರು ದೇಶದ ಆರೋಗ್ಯ ನೀತಿಯ ಪುಸ್ತಕಗಳಲ್ಲಿ ಹಿಂದುಳಿದ ಪಟ್ಟಿಯಲ್ಲಷ್ಟೇ ಇಲ್ಲ ಅಂತ ನನಗೆ ಮೂವತ್ತು ದಾಟಿದ ಮೇಲೆ ಗೊತ್ತಾಯ್ತು.

ನಮ್ಮ ಹೋಬಳಿಯ ಆರೋಗ್ಯ ಕೇಂದ್ರಕ್ಕೆ ಬಳ್ಳಾರಿ ಕಡೆ ಕೆಲಸ ಮಾಡಿ ಬಂದ ಒಬ್ಬ ಡಾಕ್ಟರು ಬಂದರು. ಮುತ್ಯಾ ಸಕ್ಕರೆ ಕಾಯಿಲೆಗೆ ಅಂತ ಹೋದವನು ಮಗನ ವಿಷಯ ಬಾಯಿ ಬಿಟ್ಟ. ಅವರೇ ಮನೆಗೆ ಬಂದು ಕೊಟ್ಟಿಗೆಯಲ್ಲಿ ಕಾಕಾನ ಪಕ್ಕ ಕೂತರು. ಮೊದಲ ಸೂಜಿ ಹಾಕಿದರು, ಸೂಜಿಯಿಂದ ಕೈಕಾಲು ಸೆಟೆಯದಂಗೆ ಒಂದು ಸಣ್ಣ ಗುಳಿಗೆ ಕೊಟ್ಟರು. ಎರಡು ತಿಂಗಳಿಗೆ ಸರಪಳಿ ಎತ್ತಿನ ಕೊರಳಿಗೆ ವಾಪಸ್ ಹೋಯ್ತು. ಕಾಕಾ ಪೂರ್ತಿ ಗುಣ ಆಗಲಿಲ್ಲ, ಸುಳ್ಳು ಹೇಳಲ್ಲ. ಮದುವೆ ಆಗಲಿಲ್ಲ, ಪಿಯುಸಿ ಮುಗಿಯಲಿಲ್ಲ, ಮಾತು ಕಮ್ಮಿ. ಆದರೆ ಎಮ್ಮೆ ಮೇಯಿಸುತ್ತಾನೆ, ಹತ್ತಿ ಬಿಡಿಸುತ್ತಾನೆ, ನನ್ನ ಮಗಳಿಗೆ ಮಗ್ಗಿ ಕೇಳುತ್ತಾನೆ.

ದಸರೆಗೆ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಹೋಗಿ ಯಾದಗಿರಿಯಲ್ಲಿ ಇಳಿದೆ. ತಮ್ಮ ಬೈಕು ತಂದಿದ್ದ. ದಾರಿಯುದ್ದಕ್ಕೂ ಇದನ್ನೆಲ್ಲ ಹೇಳಿದೆ, ಗಾಳಿಯಲ್ಲಿ ಅರ್ಧ ಕೇಳಿಸಿತೋ ಇಲ್ಲವೋ. ಭೀಮಾ ಸೇತುವೆ ದಾಟಿದ ಮೇಲೆ ಕೇಳಿದ:

"ಅಂದ್ರ ಬಾವು ಸುಳ್ಳಾ?"

"ಸುಳ್ಳಲ್ಲ. ಕೆಲವರಿಗಿ ಇರಬಹುದು, ಕೆಲವರಿಗಿ ಇಲ್ಲ. ಯಾರಿಗಿ ಅದ ಅಂತ ಹುಡುಕೋ ಪರೀಕ್ಷಾ ಇನ್ನೂ ಸರಿಯಾಗಿ ಬಂದಿಲ್ಲ. ಸೂಜಿ ಜೋಡಿ ಏನರ ಸೇರಿಸೋದಿದ್ರ ಡಾಕ್ಟರಿಗಿ ಕೇಳೂಣು. ಸೂಜಿ ಬಿಡೋದು ಬ್ಯಾಡ."

ಸ್ವಲ್ಪ ದೂರ ಸುಮ್ಮನೆ ಓಡಿಸಿದ. ಆಮೇಲೆ ಮೆಲ್ಲಗೆ ಅಂದ: "ಸೂಜಿ ಹಾಕಸ್ಲಾಕ ಪ್ರತಿ ತಿಂಗಳ ನಾನೇ ಕರ್ಕೊಂಡ ಹೋಗ್ಬೇಕಲ್ಲಣ್ಣ. ಒಂದ ದಿನದ ಕೂಲಿ ಹೋಗ್ತದ. ನೀ ಬೆಂಗಳೂರಾಗ ಇರ್ತಿ."

ಹತ್ತು ರಾತ್ರಿ ಕೂತು ಓದಿದ್ದರಲ್ಲಿ ಇದು ಎಲ್ಲೂ ಇರಲಿಲ್ಲ. ಅವನು ವಿಡಿಯೋ ನಂಬಿದ್ದು ದಡ್ಡತನದಿಂದಲ್ಲ, ದಣಿವಿನಿಂದ. ಆ ಕೂಲಿ ಇನ್ನು ಮೇಲೆ ನನ್ನ ಲೆಕ್ಕ ಅಂತ ಮಾತಾಯ್ತು. ಎರಡು ತಿಂಗಳಿಗೊಮ್ಮೆ ನಾನೇ ಬರೋದು ಅಂತಲೂ ಆಯ್ತು. ಇಲ್ಲಿಯವರೆಗೆ ನಾಲ್ಕು ಸಲದಲ್ಲಿ ಮೂರು ಸಲ ಹೋಗಿದ್ದೀನಿ.

ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಕಾಕಾ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಟ್ಟೆ ಮೇಲೆ ಕೂತಿದ್ದ. ಸಾಲಿನಲ್ಲಿ ನಿಂತಾಗ ಅವನಿಗೆ ಕೇಳಿದೆ, ಆ ಜ್ವರದ ಸಮಯ ನೆನಪದ ಏನು ಅಂತ. ಬಹಳ ಹೊತ್ತು ಏನೂ ಹೇಳಲಿಲ್ಲ. ಹೆಸರು ಕರೆದರು, ಒಳಗೆ ಹೋದೆವು, ಸೂಜಿ ಆಯ್ತು, ಹೊರಗೆ ಬಂದು ಚಾ ಕುಡಿಯುವಾಗ ಹೇಳಿದ:

"ನಿಮ್ಮ ಆಯಿ ಗಂಜಿಗೆ ಉಪ್ಪ ಹಾಕಿದ್ದಿಲ್ಲ."

ಬೀಡಿ ಹಚ್ಚಿದ.